ಬೇರೆಯವರು ಕಟ್ಟಿದ ಬಾಗಿಲು

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮರುದಿನದಿಂದಲೇ ಮಂಡ್ಯ, ಮದ್ದೂರು, ಮಳವಳ್ಳಿಗಳ ಮುಸ್ಲಿಂ ಮನೆಗಳಲ್ಲಿ ಒಂದೇ ಚಿಂತೆ: ಪಿ.ಯು.ಸಿ.ಗೆ ಮಕ್ಕಳನ್ನು ಎಲ್ಲಿ ಸೇರಿಸುವುದು? ಈ ಚಿಂತೆ ಹನ್ನೆರಡು ವರ್ಷಗಳ ಹಿಂದೆ, ಎಲ್.ಕೆ.ಜಿ. ಅರ್ಜಿಗಾಗಿ ಓಡಾಡಿದ ದಿನಗಳಲ್ಲೇ ಆರಂಭವಾಗಿರುತ್ತದೆ. ಕಾನ್ವೆಂಟಿನಲ್ಲಿ ಸೀಟು ಸಿಕ್ಕಿದರೆ ಮಗುವಿನ ಭವಿಷ್ಯ ಭದ್ರ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಕನ್ನಡದಲ್ಲಿ 'ಕಾನ್ವೆಂಟ್' ಎಂಬ ಪದವೇ ತನ್ನ ಅರ್ಥ ಕಳೆದುಕೊಂಡಿದೆ. ಇಂಗ್ಲಿಷ್ ಮಾಧ್ಯಮದ ಯಾವುದೇ ಶಾಲೆ ಇಂದು ಕಾನ್ವೆಂಟೇ. ಕ್ರೈಸ್ತರಲ್ಲದವರೂ ತಮ್ಮ ಶಾಲೆಯ ಫಲಕದ ಮೇಲೆ 'ಸೇಂಟ್' ಎಂದು ಬರೆಸಿಕೊಳ್ಳುತ್ತಾರೆ.

ಆದರೆ ಆ ಹೆಸರಿನ ಹಿಂದೆ ಏನಿದೆ ಎಂದು ನಾವು ಎಂದಾದರೂ ಯೋಚಿಸಿದ್ದೇವೆಯೇ? 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ನಮ್ಮದೇ ಜಿಲ್ಲೆಯ ಗಂಜಾಂನಲ್ಲಿ ನೆಲೆಸಿ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಅದು ವಿಶ್ವವಿದ್ಯಾಲಯವೆಂಬ ಮಾನ್ಯತೆ ಪಡೆದದ್ದು 2024ರಲ್ಲಿ. ಮೈಸೂರಿನ ಸಂತ ಫಿಲೋಮಿನಾ ಕಾಲೇಜು 1946ರಲ್ಲಿ ಹುಟ್ಟಿತು. ಮಂಡ್ಯವನ್ನೇ ಕೇಂದ್ರವಾಗಿಸಿಕೊಂಡು ಸಿರೋ-ಮಲಬಾರ್ ಕ್ಯಾಥೋಲಿಕರ ಪ್ರತ್ಯೇಕ ಧರ್ಮಪ್ರಾಂತ 2007ರಲ್ಲಿ ರಚನೆಯಾಯಿತು. ಇದು ಒಂದು ತಲೆಮಾರಿನ ಸಾಹಸವಲ್ಲ. ಸ್ವಂತ ಮಕ್ಕಳಿಲ್ಲದ ಗುರುಗಳೂ ಸಿಸ್ಟರುಗಳೂ ಪರರ ಮಕ್ಕಳಿಗಾಗಿ ಆಯುಷ್ಯ ಸವೆಸಿದ್ದರಿಂದ ಆದದ್ದು. ತಾವು ನೆಟ್ಟ ಗಿಡದ ಹಣ್ಣನ್ನು ತಾವೇ ತಿನ್ನಬೇಕೆಂದು ಅವರು ಹಟ ಹಿಡಿಯಲಿಲ್ಲ.

ನಮಗೆ ಆ ಹಣ್ಣು ಬೇಕು, ಗಿಡ ನೆಡುವ ದುಡಿಮೆ ಬೇಡ. ಸೀಟು ಸಿಗುವವರೆಗೆ ಶಿಫಾರಸು ಪತ್ರ ಹಿಡಿದು ಅಲೆಯುತ್ತೇವೆ. ಸಿಕ್ಕ ಮೇಲೆ ಶುಲ್ಕ ಹೆಚ್ಚಾಯಿತು, ಪ್ರಾರ್ಥನೆ ಅವರದಾಯಿತು, ಸ್ಕಾರ್ಫಿಗೆ ಅನುಮತಿ ಇಲ್ಲವಾಯಿತು ಎಂದು ದೂರುತ್ತೇವೆ. 2018ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಕ್ಯಾಥೋಲಿಕ್ ಶಾಲೆಯೊಂದರ ಪ್ರಕರಣದಲ್ಲಿ ಕೇರಳ ಹೈಕೋರ್ಟು, ವಿದ್ಯಾರ್ಥಿನಿಯ ವೈಯಕ್ತಿಕ ಹಕ್ಕಿಗಿಂತ ಸಂಸ್ಥೆಯನ್ನು ನಡೆಸುವ ಹಕ್ಕು ಮೇಲೆಂದು ತೀರ್ಪಿತ್ತಿತು. 2022ರ ಫೆಬ್ರವರಿ 8ರಂದು ಮಂಡ್ಯದ ಕಾಲೇಜೊಂದರ ಆವರಣದಲ್ಲಿ ಬುರ್ಖಾ ಧರಿಸಿದ ವಿದ್ಯಾರ್ಥಿನಿಯ ಬೆನ್ನುಹತ್ತಿ ಗುಂಪೊಂದು ಘೋಷಣೆ ಕೂಗಿದ ದೃಶ್ಯವನ್ನು ಜಗತ್ತೇ ಕಂಡಿತು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಅನ್ಯಾಯವನ್ನು ಅನ್ಯಾಯವೆನ್ನಲು ನಾವು ಹಿಂಜರಿಯುವುದಿಲ್ಲ. ಆದರೆ ಮಂಡ್ಯದಲ್ಲಿ ಅಂದು ಮರುಗಿದ ಸಮುದಾಯ, ಹೆಣ್ಣುಮಕ್ಕಳು ನಿರ್ಭಯವಾಗಿ ಓದಬಲ್ಲ ಕಾಲೇಜಿಗಾಗಿ ಆ ಬಳಿಕ ಎಷ್ಟು ಸಭೆ ಸೇರಿದೆ?

ಸಂವಿಧಾನದ 30ನೇ ವಿಧಿ ಕ್ಯಾಥೋಲಿಕರಿಗಷ್ಟೇ ಬರೆದದ್ದಲ್ಲ. ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಅದು ಎಲ್ಲ ಅಲ್ಪಸಂಖ್ಯಾತರಿಗೂ ನೀಡಿದೆ. ಆ ಹಕ್ಕನ್ನು ಯಾರು ಎಷ್ಟು ಬಳಸಿದರು? ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2021ರಲ್ಲಿ ನೀಡಿದ ವರದಿಯ ಪ್ರಕಾರ, ಧಾರ್ಮಿಕ ಅಲ್ಪಸಂಖ್ಯಾತರಲ್ಲಿ ಕ್ರೈಸ್ತರು ಶೇ. 11.54, ಅವರ ಶಾಲೆಗಳ ಪಾಲು ಶೇ. 71.96. ಮುಸ್ಲಿಮರು ಶೇ. 69.18, ನಮ್ಮ ಶಾಲೆಗಳ ಪಾಲು ಕೇವಲ ಶೇ. 22.75. ಮದ್ರಸಗಳೇ ನಮ್ಮನ್ನು ಹಿಂದೆಳೆದವು ಎಂಬ ನೆಪವೂ ನಿಲ್ಲುವುದಿಲ್ಲ. ಶಾಲಾ ವಯಸ್ಸಿನ ನಮ್ಮ ಮಕ್ಕಳಲ್ಲಿ ಮದ್ರಸಗಳಲ್ಲಿ ಓದುವವರು ನೂರಕ್ಕೆ ನಾಲ್ವರನ್ನೂ ಮೀರುವುದಿಲ್ಲವೆಂದು 2006ರಲ್ಲೇ ಸಾಚಾರ್ ಸಮಿತಿ ತೋರಿಸಿಕೊಟ್ಟಿದೆ.

ಹೀಗೆಂದ ಮಾತ್ರಕ್ಕೆ ಕಾನ್ವೆಂಟುಗಳು ವಿಮರ್ಶೆಗೆ ಅತೀತವಲ್ಲ. ಅದೇ ವರದಿಯಂತೆ ಕ್ರೈಸ್ತ ಶಾಲೆಗಳಲ್ಲಿ ಓದುವವರ ಪೈಕಿ ಶೇ. 74ರಷ್ಟು ಮಂದಿ ಅನ್ಯ ಸಮುದಾಯದವರು. ಇದು ಮೆಚ್ಚತಕ್ಕದ್ದೇ. ಆದರೆ ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನು ಒಟ್ಟಿಗೆ ನೋಡಿದರೆ, ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ದುರ್ಬಲರಾದ ಮಕ್ಕಳು ಶೇ. 8.76 ಮಾತ್ರ. 2014ರ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆಯಿಂದ ವಿನಾಯಿತಿ ನೀಡಿತು. ಸರಕಾರದ ಹಸ್ತಕ್ಷೇಪದಿಂದ ರಕ್ಷಿಸುವ ಗುರಾಣಿಯದು. ಕಬ್ಬಿನ ಗದ್ದೆಯ ಕೂಲಿಯ ಮಗುವನ್ನು ಗೇಟಿನ ಹೊರಗೆ ನಿಲ್ಲಿಸಲು ಕೊಟ್ಟ ಬೀಗವಲ್ಲ. ಬಡವರಿಗಾಗಿ ಬಂದವರೆಂದು ಹೇಳಿಕೊಳ್ಳುವ ಸಂಸ್ಥೆಗಳು ಈ ಮಾತಿಗೆ ಉತ್ತರ ಕೊಡಬೇಕಾಗಿದೆ.

ಉತ್ತರ ನಾವೂ ಕೊಡಬೇಕಾಗಿದೆ. ಅಲ್ಪಸಂಖ್ಯಾತ ಶಾಲೆಗಳ ಶಿಕ್ಷಕರಿಗೆ ಅರ್ಹತಾ ಪರೀಕ್ಷೆ ಕಡ್ಡಾಯವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಮುಂಚೂಣಿಯ ಅರ್ಜಿದಾರರು ಮಹಾರಾಷ್ಟ್ರದ ಮುಸ್ಲಿಂ ಶಿಕ್ಷಣ ಸಂಸ್ಥೆಯೊಂದರವರು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಪ್ರಮತಿ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಕಾನೂನಿನ ವಾದ ಏನೇ ಇರಲಿ, ಓದು ಎಂಬ ಆಜ್ಞೆಯಿಂದ ಆರಂಭವಾದ ಗ್ರಂಥದ ಅನುಯಾಯಿಗಳು ತಮ್ಮ ಶಿಕ್ಷಕರಿಗೆ ಪರೀಕ್ಷೆ ಬೇಡವೆಂದು ವಾದಿಸುವುದು ನಮಗೆ ಭೂಷಣವೇ?

ನಮ್ಮಲ್ಲಿ ಹಣವಿಲ್ಲ ಎನ್ನುವವರಿದ್ದಾರೆ. ಮಂಡ್ಯ ಜಿಲ್ಲೆಯಲ್ಲಿ ಮುಸ್ಲಿಮರು ನೂರಕ್ಕೆ ಸುಮಾರು ನಾಲ್ವರು, ಹೆಚ್ಚಿನವರು ದಿನದ ದುಡಿಮೆಯವರು ಎಂಬುದು ನಿಜ. ಆದರೆ ಕ್ರೈಸ್ತರ ಸಂಖ್ಯೆ ಇಲ್ಲಿ ಅದಕ್ಕಿಂತಲೂ ಕಡಿಮೆ. ಒಂದು ರಾತ್ರಿಯ ವಲೀಮಾಕ್ಕೆ ಲಕ್ಷಗಳನ್ನು ಸುರಿಯುವಾಗ, ಭದ್ರವಾಗಿರುವ ಮಸೀದಿಯ ನೆಲವನ್ನು ಅಗೆದು ಹೊಸ ಗ್ರಾನೈಟ್ ಹಾಸುವಾಗ ಇಲ್ಲದ ಬಡತನ ಶಾಲೆಯ ಮಾತು ಬಂದಾಗ ಎಲ್ಲಿಂದ ಬರುತ್ತದೆ? ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆಯನ್ನು ಆರಂಭಿಸಿದಾಗ ಅವರ ಹಿಂದೆ ಯಾವ ನವಾಬರೂ ಇರಲಿಲ್ಲ. ಬೀದರಿನ ಶಾಹೀನ್ 1989ರಲ್ಲಿ ಮೊದಲುಗೊಂಡದ್ದು 17 ಮಕ್ಕಳಿಂದ.

ಆದ್ದರಿಂದ ಈ ಮೂರು ಊರುಗಳ ಜಮಾಅತ್‌ಗಳ ಮುಂದೆ ನಾವಿಡುವ ಬೇಡಿಕೆ ಸರಳವಾದದ್ದು. ಊರಿಗೊಂದರಂತೆ ಬಾಡಿಗೆ ಕಟ್ಟಡದಲ್ಲಿ ಇಂಗ್ಲಿಷ್ ಮಾಧ್ಯಮದ ಫಲಕ ತೂಗುಹಾಕಿ, ಎರಡು ವರ್ಷಕ್ಕೆ ಬಾಗಿಲು ಮುಚ್ಚುವ ಆಟ ಸಾಕು. ಮೂರೂ ಊರುಗಳ ಮಕ್ಕಳು ಬಸ್ಸಿನಲ್ಲಿ ಬಂದು ಹೋಗಬಹುದಾದ ಕಡೆ ಎಂಟನೆಯಿಂದ ದ್ವಿತೀಯ ಪಿ.ಯು.ಸಿ.ವರೆಗಿನ ಒಂದೇ ಒಂದು ಸಂಸ್ಥೆ ಸಾಕು. ಅಲ್ಲಿ ಪ್ರಯೋಗಾಲಯ ಮಸೀದಿಯ ಮಿನಾರಿಗಿಂತ ಮೊದಲು ಏಳಲಿ. ಶಿಕ್ಷಕರಿಗೆ ಪರೀಕ್ಷೆಯೂ ಇರಲಿ, ತಿಂಗಳ ಮೊದಲ ದಿನ ಸಂಬಳವೂ ಇರಲಿ. ಕನ್ನಡವನ್ನು ಕಾಟಾಚಾರಕ್ಕಲ್ಲದೆ ಪ್ರೀತಿಯಿಂದ ಕಲಿಸಲಿ. ಲೆಕ್ಕಪತ್ರ ಪ್ರತಿ ವರ್ಷ ಸಾರ್ವಜನಿಕರ ಮುಂದೆ ಬರಲಿ. ಕಾನೂನು ಕಡ್ಡಾಯಗೊಳಿಸುವುದಕ್ಕೆ ಮೊದಲೇ ನಾಲ್ಕರಲ್ಲೊಂದು ಸೀಟು ಜಾತಿ ಮತ ನೋಡದೆ ಬಡ ಮಗುವಿಗೆ ಮೀಸಲಾಗಲಿ.

ಕ್ಯಾಥೋಲಿಕರು ತಮ್ಮ ಮನೆ ಕಟ್ಟಿಕೊಂಡು, ಬಾಗಿಲು ತೆರೆದು, ನಮ್ಮ ಮಕ್ಕಳನ್ನೂ ಒಳಗೆ ಕರೆದರು. ಆ ಉಪಕಾರವನ್ನು ಹಾಡಿ ಹೊಗಳಿದರೂ ತೀರದು, ದೂರಿದರೂ ತೀರದು. ಬೇರೊಬ್ಬರ ಮಕ್ಕಳು ಬಂದು ಕಾಯುವಂತಹ ಒಂದು ಬಾಗಿಲನ್ನು ನಾವೂ ಕಟ್ಟಿದಾಗ ಮಾತ್ರ ಆ ಸಾಲ ಸಂದೀತು.