ಒಪ್ಪಂದದ ಮಾತು ಕೋಲಾರದವರೆಗೆ ಬರಲಿ

ಸ್ವಿಜರ್ಲೆಂಡ್, ನಾರ್ವೆ, ಐಸ್‌ಲೆಂಡ್ ಮತ್ತು ಲೀಕ್ಟನ್‌ಸ್ಟೈನ್ ದೇಶಗಳ ಕೂಟದೊಡನೆ ಭಾರತವು 2024ರ ಮಾರ್ಚ್ 10ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಬ್ರಿಟನ್ನಿನೊಡನೆ ಇನ್ನೊಂದು ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು. ಸುಂಕದ ಇಳಿಕೆ, ಬಂಡವಾಳದ ಹರಿವು, ರಫ್ತಿನ ಅವಕಾಶಗಳ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಆದರೆ ಈ ಎರಡೂ ಒಪ್ಪಂದಗಳಲ್ಲಿ ಪರಿಸರ ಮತ್ತು ಕಾರ್ಮಿಕರ ಹಿತಕ್ಕೆ ಮೀಸಲಾದ ಅಧ್ಯಾಯಗಳಿವೆ ಎಂಬ ಸಂಗತಿ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಕಾರ್ಮಿಕರ ಮೂಲಭೂತ ಹಕ್ಕುಗಳನ್ನು ಗೌರವಿಸುವುದು, ದೇಶದೊಳಗಿನ ಕಾಯಿದೆಗಳನ್ನು ನಿಜವಾಗಿ ಜಾರಿ ಮಾಡುವುದು, ವ್ಯಾಪಾರವನ್ನೂ ಬಂಡವಾಳವನ್ನೂ ಸೆಳೆಯುವ ಸಲುವಾಗಿ ಆ ರಕ್ಷಣೆಗಳನ್ನು ಸಡಿಲಿಸದಿರುವುದು ಇಂಥ ಅಧ್ಯಾಯಗಳ ಸಾರ.

ಈ ಅಧ್ಯಾಯಗಳಿಗೆ ಹಲ್ಲಿಲ್ಲವೆಂಬುದನ್ನೂ ಹೇಳಬೇಕು. ಎರಡೂ ಒಪ್ಪಂದಗಳಲ್ಲಿ ಅವನ್ನು ವ್ಯಾಜ್ಯ ತೀರ್ಮಾನದ ವ್ಯವಸ್ಥೆಯಿಂದ ಹೊರಗಿಡಲಾಗಿದೆ. ಸುಂಕದ ವಿಷಯದಲ್ಲಿ ಮಾತು ತಪ್ಪಿದರೆ ದೂರಿಗೆ ಅವಕಾಶವಿದೆ. ಕಾರ್ಮಿಕರ ವಿಷಯದಲ್ಲಿ ಮಾತು ತಪ್ಪಿದರೆ ಸಮಾಲೋಚನೆ ಮಾತ್ರ. ಹೀಗಿರುವಾಗ ಆ ಮಾತಿಗೆ ಬೆಲೆ ಬರುವುದು ಎಲ್ಲಿಂದ? ನಮ್ಮ ಸಂವಿಧಾನದ ಪ್ರಕಾರ ಪರದೇಶದೊಡನೆ ಮಾಡಿಕೊಂಡ ಒಪ್ಪಂದ ತಾನಾಗಿಯೇ ಈ ನೆಲದ ಕಾನೂನಾಗುವುದಿಲ್ಲ. 253ನೆಯ ಅನುಚ್ಛೇದದಡಿ ಸಂಸತ್ತು ಕಾಯಿದೆ ಮಾಡಬೇಕು, ಸರ್ಕಾರಗಳು ನಿಯಮ ರೂಪಿಸಬೇಕು, ತನಿಖಾಧಿಕಾರಿ ಕಾರ್ಖಾನೆಯ ಬಾಗಿಲಿಗೆ ಹೋಗಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ದೆಹಲಿಯಲ್ಲಿ ಕೊಟ್ಟ ಮಾತು ದುಡಿಯುವವರನ್ನು ಮುಟ್ಟದು.

ಮಲೆನಾಡಿನ ಈ ಪತ್ರಿಕೆ ಬಯಲುಸೀಮೆಯ ಕೋಲಾರವನ್ನು ಕುರಿತು ಏಕೆ ಬರೆಯಬೇಕೆಂದು ಓದುಗರು ಕೇಳಬಹುದು. ರಫ್ತಿಗಾಗಿಯೇ ತೆರೆದ ಕುದುರೆಮುಖದ ಗಣಿ 2005ರ ಕೊನೆಗೆ ನಿಂತಾಗ ನಮ್ಮ ಕಾಡು, ಹೊಳೆಗಳು ಉಸಿರಾಡಿದವು. ಆದರೆ ಗಣಿ ನಿಂತಮೇಲೆ ಅಲ್ಲಿ ದುಡಿದವರ ಪಾಡೇನು ಎಂಬ ಪ್ರಶ್ನೆಯನ್ನು ಅದಕ್ಕೂ ಮೊದಲೇ ಎದುರಿಸಿದ ಊರು ಕೋಲಾರದ ಚಿನ್ನದ ಗಣಿಗಳ ಊರು. ದೂರದ ಮಾರುಕಟ್ಟೆಗೆ ಕಾಫಿ, ಮೆಣಸು ಕಳಿಸುವ ನಮ್ಮ ತೋಟಗಳ ಲೈನು ಮನೆಗಳಲ್ಲಿ ಇರುವವರಿಗೂ ಆ ಊರಿನ ಅನುಭವ ಪಾಠವಾಗಬಲ್ಲುದು.

1880ರಿಂದ ಜಾನ್ ಟೇಲರ್ ಕಂಪನಿ ಅಗೆದ ಚಿನ್ನ ಲಂಡನ್ನಿಗೆ ಹೋಯಿತು. ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನಿಂದಲೂ ಬಂದ ದಲಿತ ಕುಟುಂಬಗಳು ಗಣಿಗಿಳಿದವು. ಬೌರಿಂಗ್‌ಪೇಟೆ ಎಂದು ಆಗ ಕರೆಯುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲುಹಾದಿ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬೆಳಗಿದ್ದೂ ಈ ಗಣಿಗಳನ್ನೇ. ಬಂಡವಾಳಕ್ಕೆ ಬೇಕಾದದ್ದೆಲ್ಲವೂ ಇಷ್ಟು ಬೇಗ ಇಲ್ಲಿಗೆ ಬಂತು. ದುಡಿಯುವವರಿಗೆ ಸಲ್ಲಬೇಕಾದದ್ದು ಬಂದ ಬಗೆ ಬೇರೆ.

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದಾಗ ಭಾರತವೂ ಅದರ ಸದಸ್ಯನಾಗಿತ್ತು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಅಂಗೀಕಾರವಾದ ಮೊದಲ ಒಡಂಬಡಿಕೆ ದುಡಿಮೆಯ ಅವಧಿಗೆ ಮಿತಿ ಹಾಕಿತು. ಅದರ 10ನೆಯ ಅನುಚ್ಛೇದ ಕಾರ್ಖಾನೆ, ಗಣಿಗಳಲ್ಲಿ ವಾರಕ್ಕೆ 60 ಗಂಟೆಯ ತತ್ವವನ್ನು ವಿಧಿಸಿದ್ದು 'ಬ್ರಿಟಿಷ್ ಇಂಡಿಯಾ'ಕ್ಕೆ. 1921ರಲ್ಲಿ ಭಾರತ ಅದನ್ನು ಅನುಮೋದಿಸಿತು. ಆದರೆ ದೇಶದ ಅತಿ ದೊಡ್ಡ ಚಿನ್ನದ ಗಣಿಗಳು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಭಾರತದ ಹೆಸರಿನಲ್ಲಿ ಕೊಟ್ಟ ಮಾತು ಸಂಸ್ಥಾನದ ಗಡಿಯಲ್ಲಿ ನಿಂತುಹೋಯಿತು. ಮಾರಿಕುಪ್ಪಂನ ಕಾರ್ಮಿಕ ಆ ಒಡಂಬಡಿಕೆಯ ಬಲದಿಂದ ಏನನ್ನೂ ಕೇಳುವಂತಿರಲಿಲ್ಲ. ಸಂಸ್ಥಾನದ ಸ್ವಂತ ಕಾಯಿದೆಗಾಗಿಯೇ ಕಾಯಬೇಕಾಯಿತು. ಕಾರ್ಮಿಕರ ನೋಂದಣಿಗೆ ಹೆಬ್ಬೆಟ್ಟಿನ ಗುರುತು ಪಡೆಯುವ ಹೊಸ ಪದ್ಧತಿಯ ವಿರುದ್ಧ 1930ರಲ್ಲಿ ಗಣಿಗಳೆಲ್ಲ ನಿಂತವು. ಸಂಘ ಕಟ್ಟುವ ಹಕ್ಕಿಗೆ ಮೈಸೂರಿನಲ್ಲಿ ಕಾಯಿದೆಯ ಮನ್ನಣೆ ದೊರೆತದ್ದು 1940ರ ದಶಕದಲ್ಲಿ. 1946ರಲ್ಲಿ ಇದೇ ಊರಿನ ಮುಷ್ಕರನಿರತರ ಮೇಲೆ ಗುಂಡು ಹಾರಿ ಕಾರ್ಮಿಕರು ಪ್ರಾಣ ತೆತ್ತರು. ಕಾಗದದ ಮೇಲಿನ ಮನ್ನಣೆಗೂ ಗಣಿಯ ಬಾಯಿಯ ಸ್ಥಿತಿಗೂ ಅಷ್ಟು ಅಂತರವಿತ್ತು.

ಧೂಳಿನ ಕಥೆಯೂ ಇಂಥದ್ದೇ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಗಟ್ಟಿಗಟ್ಟಿಸಿ ಮನುಷ್ಯನನ್ನು ನಿಧಾನವಾಗಿ ಕೊಲ್ಲುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಔಷಧಿಯಿಲ್ಲ. 1940ರಿಂದ 1946ರ ಅವಧಿಯಲ್ಲಿ ಈ ಗಣಿಗಳ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರರಲ್ಲಿ 40ಕ್ಕೂ ಹೆಚ್ಚು ಮಂದಿಗೆ ಅದು ತಗುಲಿತ್ತು. ಗಣಿ ಶುರುವಾಗಿ ಆಗಲೇ ಅರವತ್ತು ವರ್ಷ ಕಳೆದಿತ್ತು. ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾದದ್ದು 1948ರ ಕಾರ್ಖಾನೆ ಕಾಯಿದೆ, 1952ರ ಗಣಿ ಕಾಯಿದೆಗಳ ಅಡಿಯಲ್ಲಿ. ಅಷ್ಟರಲ್ಲಿ ಎರಡು ತಲೆಮಾರಿನ ಎದೆಯಲ್ಲಿ ಧೂಳು ತುಂಬಿತ್ತು.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಅಂದಿನಿಂದ ಈ ಊರಿನ ದುಡಿಮೆ ರೈಲಿನಲ್ಲಿದೆ. ನಸುಕಿನಲ್ಲಿ ಮಾರಿಕುಪ್ಪಂನಿಂದಲೂ ಬಂಗಾರಪೇಟೆಯಿಂದಲೂ ಹೊರಡುವ ಗಾಡಿಗಳಲ್ಲಿ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆ, ಕಟ್ಟಡ ಕೆಲಸ, ಕಾವಲು ಕೆಲಸಗಳಿಗೆ ಜನ ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಹಿಂದೆ ನೆಲದಡಿಯ ಚಿನ್ನ ರಫ್ತಾಗುತ್ತಿತ್ತು. ಈಗ ರಫ್ತಿನ ಅಂಗಿಯೊಳಗೆ, ಫೋನಿನೊಳಗೆ ಇವರ ದುಡಿಮೆ ಸೇರಿಕೊಂಡು ಹೊರದೇಶಕ್ಕೆ ಹೋಗುತ್ತದೆ.

ಸ್ವತಂತ್ರ ಭಾರತದಲ್ಲಿ ಕಾಯಿದೆಗಳಿಗೆ ಕೊರತೆಯಿಲ್ಲ, ಸಂಸ್ಥಾನದ ಗಡಿಯೂ ಇಲ್ಲ. ಆದರೂ ಎರಡು ಘಟನೆಗಳನ್ನು ನೆನೆಯಬೇಕು. ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1960ರಲ್ಲಿಯೇ ಅನುಮೋದಿಸಿತು; ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1993ರಲ್ಲಿ ಬಂತು. ಅದಾದ 18 ವರ್ಷಗಳ ಮೇಲೆ, 2011ರಲ್ಲಿ, ಕೆಜಿಎಫ್‌ನಲ್ಲಿ ಮಲಗುಂಡಿ ಶುಚಿಗೊಳಿಸಲು ಇಳಿದ ಕಾರ್ಮಿಕರು ಸತ್ತರು. ಎರಡನೆಯದು 2020ರ ಡಿಸೆಂಬರ್ 12ರಂದು ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ನಡೆದದ್ದು. ಆ್ಯಪಲ್ ಕಂಪನಿಗೆ ಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ವಿಳಂಬ, ಕಡಿತ ಮತ್ತು ಹೆಚ್ಚಿನ ದುಡಿಮೆಯ ಅವಧಿಯ ಕುರಿತ ಅಸಮಾಧಾನ ಸ್ಫೋಟಿಸಿ ಗಾಜು, ಯಂತ್ರಗಳು ಪುಡಿಯಾದವು. ಕಾರ್ಮಿಕರಲ್ಲಿ ಬಹುಪಾಲು ಮಂದಿ ಗುತ್ತಿಗೆದಾರರ ಮೂಲಕ ಸೇರಿದವರು. ಕಾನೂನಿನ ಉಲ್ಲಂಘನೆಗಳಾಗಿದ್ದವೆಂದು ರಾಜ್ಯದ ಕಾರ್ಖಾನೆ ಇಲಾಖೆ ಕಂಡುಕೊಂಡದ್ದು ಘಟನೆಯ ನಂತರ. ಆ್ಯಪಲ್ ಕೂಡ ತನ್ನ ಪೂರೈಕೆದಾರರ ನೀತಿಸಂಹಿತೆ ಮುರಿದಿದೆಯೆಂದು ಒಪ್ಪಿ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಕಲ್ಲು ತೂರಿದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕೂಲಿ ಕೈಗೆ ಬಾರದಿದ್ದಾಗ ಆ ಯುವಕರು ಯಾರ ಬಳಿ ಹೋಗಬೇಕಿತ್ತು? ಅವರಿಗೆ ಸಂಘವಿರಲಿಲ್ಲ, ತನಿಖಾಧಿಕಾರಿ ಅಲ್ಲಿಯವರೆಗೆ ಬಂದಿರಲಿಲ್ಲ.

ಈ ಅಂತರವನ್ನು ಹೊಸ ಕಾನೂನುಗಳು ತುಂಬುವವೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ. 29 ಕೇಂದ್ರ ಕಾಯಿದೆಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅವುಗಳಲ್ಲಿ ಒಳಿತೂ ಇದೆ: ನೇಮಕಾತಿ ಪತ್ರ ಕಡ್ಡಾಯ, ಕನಿಷ್ಠ ವೇತನ ಎಲ್ಲ ಕೆಲಸಗಳಿಗೂ ಅನ್ವಯ. ಆದರೆ 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯವಾಗುತ್ತಿದ್ದ 1970ರ ಕಾಯಿದೆಯ ರಕ್ಷಣೆ ಈಗ 50 ಮಂದಿ ಇದ್ದರೆ ಮಾತ್ರ. ಗಣಿ, ಕಾರ್ಖಾನೆ, ತೋಟಗಳನ್ನು ಮುಚ್ಚುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಮುಚ್ಚಿದ ಗಣಿಯ ಊರಿನವರಿಗೆ ಈ ಸಂಖ್ಯೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮುನ್ಸೂಚನೆಯಿಲ್ಲದೆ ಯಾವ ಹೊತ್ತಿನಲ್ಲಾದರೂ ಒಳಹೋಗುವ ಅಧಿಕಾರ ತನಿಖಾಧಿಕಾರಿಗೆ ಇರಬೇಕೆಂಬ ಒಡಂಬಡಿಕೆಯನ್ನು ಭಾರತ 1949ರಲ್ಲಿ ಅನುಮೋದಿಸಿದೆ. ಈಗ ಅದೇ ಅಧಿಕಾರಿಗೆ 'ಸೌಲಭ್ಯಕಾರ' ಎಂಬ ಇನ್ನೊಂದು ಹೆಸರು ಸೇರಿಸಿ, ಎಲ್ಲಿ ತಪಾಸಣೆಯೆಂಬುದನ್ನು ಗಣಕಯಂತ್ರದ ಆಯ್ಕೆಗೆ ಬಿಡುವ ಏರ್ಪಾಡು ಬಂದಿದೆ. ಸಂಘಟನೆಯ ಹಾಗೂ ಸಾಮೂಹಿಕ ಚೌಕಾಶಿಯ ಹಕ್ಕಿನ 87 ಮತ್ತು 98ನೆಯ ಒಡಂಬಡಿಕೆಗಳನ್ನು ಭಾರತ ಇನ್ನೂ ಅನುಮೋದಿಸಿಲ್ಲ.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು 2023ರಲ್ಲಿ ವಿಧಾನಮಂಡಲ ಅಂಗೀಕರಿಸಿತು. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ರೈಲಿನಲ್ಲಿ ಹೋಗಿಬರುವ ಹೊತ್ತನ್ನು 12 ಗಂಟೆಗೆ ಕೂಡಿಸಿದರೆ ಒಬ್ಬ ತಾಯಿಗೆ ನಿದ್ದೆಗೂ ಮಕ್ಕಳಿಗೂ ಉಳಿಯುವುದೆಷ್ಟು? ಬಂಡವಾಳವನ್ನು ಸೆಳೆಯಲು ರಕ್ಷಣೆಯನ್ನು ಸಡಿಲಿಸುವುದಿಲ್ಲ ಎಂಬ ಮಾತಿಗೆ ಇದು ಹೇಗೆ ಹೊಂದುತ್ತದೆ ಎಂಬುದನ್ನು ಸರ್ಕಾರವೇ ವಿವರಿಸಲಿ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಕಾರ್ಮಿಕ ಹಕ್ಕುಗಳ ಹೆಸರಿನಲ್ಲಿ ಶ್ರೀಮಂತ ದೇಶಗಳು ನಮ್ಮ ಸರಕಿಗೆ ಅಡ್ಡಗಾಲು ಹಾಕುತ್ತವೆ ಎಂಬ ಭಯದಿಂದ ಭಾರತ ಈ ವಿಷಯವನ್ನು ವ್ಯಾಪಾರದ ಮಾತುಕತೆಗೆ ಸೇರಿಸುವುದನ್ನು ದಶಕಗಳ ಕಾಲ ವಿರೋಧಿಸಿತು. 1996ರ ಸಿಂಗಪುರ ಸಮ್ಮೇಳನದ ಘೋಷಣೆಯೂ ಇದನ್ನು ಕಾರ್ಮಿಕ ಸಂಸ್ಥೆಯ ಪಾಲಿಗೆ ಬಿಟ್ಟಿತು. ಆ ಭಯ ಆಧಾರವಿಲ್ಲದ್ದಲ್ಲ. ಬೇರೆಯವರ ದಂಡನೆಯ ಕೋಲು ನಮ್ಮ ನೇಕಾರರ, ಟೈಲರುಗಳ ಬೆನ್ನಿಗೆ ಬೀಳುವುದನ್ನು ನಾವೂ ಬಯಸುವುದಿಲ್ಲ. ಆದ್ದರಿಂದಲೇ ಈ ಕೆಲಸವನ್ನು ನಮ್ಮ ಶಾಸನಸಭೆಗಳೇ ಮಾಡಬೇಕೆಂದು ಕೇಳುತ್ತಿದ್ದೇವೆ.

ದಂಡನೆಯಿಲ್ಲದ ಮಾತಿನಿಂದಲೂ ಕೆಲಸವಾದೀತೆಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ಐರೋಪ್ಯ ಒಕ್ಕೂಟದೊಡನೆ ಅದು ಮಾಡಿಕೊಂಡಿದ್ದ ಒಪ್ಪಂದದ ಕಾರ್ಮಿಕ ಅಧ್ಯಾಯಕ್ಕೂ ಶಿಕ್ಷೆಯ ಬಲವಿರಲಿಲ್ಲ. ಆದರೆ ತಜ್ಞರ ಸಮಿತಿಯೊಂದು 2021ರ ಜನವರಿಯಲ್ಲಿ ಕೊರಿಯಾದ ಸಂಘಟನಾ ಕಾಯಿದೆಯ ದೋಷಗಳನ್ನು ಎತ್ತಿ ತೋರಿಸಿತು. ಅಲ್ಲಿನ ಸಂಘಗಳೂ ಒತ್ತಾಯ ಬಿಡಲಿಲ್ಲ. ಅದೇ ವರ್ಷ ಆ ದೇಶ 87 ಮತ್ತು 98ನೆಯ ಒಡಂಬಡಿಕೆಗಳನ್ನು ಅನುಮೋದಿಸಿತು. ಮೆಕ್ಸಿಕೋ 2019ರಲ್ಲಿ ತನ್ನ ಕಾರ್ಮಿಕ ಕಾಯಿದೆಯನ್ನೇ ಬದಲಿಸಿ, ಸಂಘಗಳು ಮಾಡಿಕೊಳ್ಳುವ ವೇತನ ಒಪ್ಪಂದಗಳಿಗೆ ಕಾರ್ಮಿಕರ ಗುಪ್ತ ಮತದಾನ ಬೇಕೆಂದು ವಿಧಿಸಿತು.

ಹಾಗಾದರೆ ಇಲ್ಲಿ ಆಗಬೇಕಾದದ್ದೇನು? ರಾಜ್ಯ ಸರ್ಕಾರ ತನ್ನ ನಿಯಮಗಳಲ್ಲಿ, ರಫ್ತಿಗೆ ದುಡಿಯುವ ಘಟಕಗಳಿಗೆ ಸಂಖ್ಯೆಯ ಮಿತಿಯ ನೆಪದಲ್ಲಿ ವಿನಾಯಿತಿ ಕೊಡಬಾರದು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಕಂಪನಿಯೇ ಕೊಡಬೇಕೆಂಬ ವಿಧಿ ಜಾರಿಯಾಗಬೇಕು. ಮುನ್ಸೂಚನೆಯಿಲ್ಲದ ತಪಾಸಣೆ ಉಳಿಯಬೇಕು, ತಪಾಸಣೆಯ ವರದಿ ಕನ್ನಡ, ತಮಿಳು, ತೆಲುಗುಗಳಲ್ಲಿ ಕಾರ್ಖಾನೆಯ ಬಾಗಿಲಲ್ಲಿ ತೂಗಬೇಕು. ಒಪ್ಪಂದಗಳ ಪಾಲನೆಯನ್ನು ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದಿಡಬೇಕು. ಆ ಚರ್ಚೆಯಲ್ಲಿ ಸಂಘಗಳಿಗೆ ಸ್ಥಾನವಿರಬೇಕು.

ಇದನ್ನು ಆರಂಭಿಸಲು ಕೆಜಿಎಫ್‌ಗಿಂತ ತಕ್ಕ ಜಾಗವಿಲ್ಲ. ಚಿನ್ನ ತೆಗೆದು ಉಳಿದ ಸುಮಾರು 3.3 ಕೋಟಿ ಟನ್ ಮಣ್ಣು ಅಲ್ಲಿ ಸೈನೈಡ್ ದಿಬ್ಬಗಳಾಗಿ ನಿಂತಿದೆ. ಬೇಸಿಗೆಯ ಗಾಳಿಗೆ ಅದರ ಧೂಳು ಮನೆಗಳಿಗೆ ನುಗ್ಗುತ್ತದೆ. ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ದಿಬ್ಬವನ್ನು ಕೆದಕಿದರೆ ಮೊದಲು ಏಳುವುದು ಧೂಳು. ಅದನ್ನು ಮೊದಲು ಕುಡಿಯುವವರು ಅಲ್ಲಿ ದುಡಿಯುವವರು, ಆಮೇಲೆ ಸುತ್ತಲ ಕಾಲೊನಿಗಳ ಮಕ್ಕಳು. ಇಲ್ಲಿ ಕಾರ್ಮಿಕರ ಪ್ರಶ್ನೆ ಮತ್ತು ಪರಿಸರದ ಪ್ರಶ್ನೆ ಒಂದೇ. ಹರಾಜಿನ ಷರತ್ತುಗಳಲ್ಲಿಯೇ ಧೂಳಿನ ಅಳತೆ, ನೀರು ಹೊಡೆಯುವ ಏರ್ಪಾಡು, ಕೆಲಸಕ್ಕೆ ಸೇರುವಾಗಲೂ ಬಿಡುವಾಗಲೂ ಎದೆಯ ತಪಾಸಣೆ, ಗುತ್ತಿಗೆ ಕಾರ್ಮಿಕರಿಗೂ ಕಾಯಂ ಕಾರ್ಮಿಕರಷ್ಟೇ ರಕ್ಷಣೆ, ಹಳೆಯ ಗಣಿ ಕುಟುಂಬಗಳಿಗೆ ಕೆಲಸದಲ್ಲಿ ಆದ್ಯತೆ ಎಂದು ಬರೆಯಲಿ. ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯ 2022ರಿಂದ ಕಾರ್ಮಿಕ ಸಂಸ್ಥೆಯ ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿದೆ. ಗಣಿ ಸುರಕ್ಷತೆಯ 176ನೆಯ ಒಡಂಬಡಿಕೆಯನ್ನು ಭಾರತ ಅನುಮೋದಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಭಾರತ ಇಂದು ಆಮದು ಮಾಡಿಕೊಳ್ಳುವ ಚಿನ್ನದ ಅತಿ ದೊಡ್ಡ ಪಾಲು ಬರುವುದು ಸ್ವಿಜರ್ಲೆಂಡಿನಿಂದ. ಕಾರ್ಮಿಕರ ಹಿತದ ಮಾತು ಕೊಟ್ಟದ್ದೂ ಆ ದೇಶದೊಡನೆ. ಮಾತಿನ ಮೊದಲ ಪರೀಕ್ಷೆ ನಮ್ಮದೇ ಚಿನ್ನದ ಊರಿನಲ್ಲಿ ಆಗಲಿ. ಓದುಗ ಮಿತ್ರರು ತಮ್ಮ ಶಾಸಕರಿಗೂ ಸಂಸದರಿಗೂ ಈ ಬೇಡಿಕೆಗಳನ್ನು ಬರೆದು ಕಳಿಸಬೇಕು, ದಿಬ್ಬಗಳ ಹರಾಜಿಗೆ ಮೊದಲು ಕೆಜಿಎಫ್‌ನಲ್ಲಿ ಸಾರ್ವಜನಿಕ ಅಹವಾಲು ನಡೆಯಬೇಕೆಂದು ಒತ್ತಾಯಿಸಬೇಕು ಎಂದು ಕೋರುತ್ತೇವೆ.