ಸಾರಿ ಬರುವ ಕೊಲೆಗಳು

2024ನೆಯ ಇಸವಿಯ ಏಪ್ರಿಲ್ 18ನೆಯ ತಾರೀಖಿಗೆ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಹಾಡುಹಗಲೇ ವಿದ್ಯಾರ್ಥಿನಿಯೊಬ್ಬಳು ಚೂರಿಯ ಇರಿತಕ್ಕೆ ಬಲಿಯಾದಳು. ಆಪಾದಿತನು ಹಿಂದೆ ಅವಳೊಡನೆ ಕಲಿತವನು. ಅದಾಗಿ ಇಪ್ಪತ್ತೇಳು ದಿವಸಕ್ಕೆ, ಮೇ 15ರ ನಸುಕಿನಲ್ಲಿ, ಅದೇ ಊರಿನ ವೀರಾಪುರ ಓಣಿಯಲ್ಲಿ ಇನ್ನೊಬ್ಬ ತರುಣಿಯು ತನ್ನ ಮನೆಯೊಳಗೇ ಹತಳಾದಳು. ತನ್ನೊಡನೆ ಬರದಿದ್ದರೆ ಮೊದಲಿನವಳಿಗೆ ಆದ ಗತಿಯೇ ನಿನಗೂ ಆಗುವದೆಂದು ಆಪಾದಿತನು ಬೆದರಿಸಿದ್ದನೆಂದೂ, ಆ ಸಂಗತಿಯನ್ನು ಠಾಣೆಗೆ ಹೋಗಿ ತಿಳಿಸಿದರೂ ಪೋಲೀಸರು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲವೆಂದೂ ಈ ಎರಡನೆಯ ತರುಣಿಯ ಮನೆಯವರು ದೂರಿದರು. ಕರ್ತವ್ಯಲೋಪದ ಕಾರಣಕ್ಕಾಗಿ ಠಾಣೆಯ ಇನ್‌ಸ್ಪೆಕ್ಟರರೂ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ಲರೂ, ಅನಂತರ ಉಪ ಪೋಲೀಸ್ ಆಯುಕ್ತರೊಬ್ಬರೂ ಅಮಾನತಿಗೆ ಒಳಗಾದರು. ತನಿಖೆಯು ಸಿ.ಐ.ಡಿ.ಗೆ ಹೋಯಿತು. ಇವೆಲ್ಲವೂ ನಡೆದದ್ದು ಹೆಣವು ಮನೆಯಿಂದ ಹೊರಟ ಮೇಲೆ.

ಮೊದಲನೆಯ ಕೊಲೆಯಾದಾಗ ನಾಡಿನಲ್ಲೆಲ್ಲ ಗದ್ದಲವೆದ್ದಿತು. ಆದರೆ ಆ ಗದ್ದಲದ ಬಹುಭಾಗವು ಆಪಾದಿತನ ಮತವು ಯಾವದೆಂಬುದನ್ನು ಕುರಿತದ್ದಾಗಿತ್ತು. ಎರಡನೆಯದರಲ್ಲಿ ಆ ವಾದಕ್ಕೆ ಆಸ್ಪದವೇ ಇರಲಿಲ್ಲ. ರೋಗವು ಒಂದು ಮತದವರ ಮನೆಯಲ್ಲಿದೆಯೆಂದು ತಿಳಿದು ನೆಮ್ಮದಿಪಟ್ಟವರಿಗೆ ತಿಂಗಳು ತುಂಬುವ ಮೊದಲೇ ಉತ್ತರ ದೊರೆಯಿತು. "ಒಲ್ಲೆ" ಎಂಬ ಹೆಣ್ಣಿನ ಮಾತನ್ನು ತನ್ನ ಮಾನಭಂಗವೆಂದು ಬಗೆಯುವ ಗಂಡಸು ಎಲ್ಲ ಜಾತಿಗಳಲ್ಲಿಯೂ ಎಲ್ಲ ಓಣಿಗಳಲ್ಲಿಯೂ ಇದ್ದಾನೆ.

ಇಂಥ ಪ್ರಸಂಗಗಳಲ್ಲಿ ನಮ್ಮ ವ್ಯವಸಾಯಬಂಧುಗಳು "ಭಗ್ನಪ್ರೇಮಿಯ ಕೃತ್ಯ", "ಪ್ರೇಮವೈಫಲ್ಯದ ಪರಿಣಾಮ" ಎಂಬ ತಲೆಬರಹಗಳನ್ನು ಕೊಡುವದುಂಟು. ಓದಿದವನಿಗೆ ಕೊಂದವನ ಮೇಲೆಯೇ ಕನಿಕರ ಹುಟ್ಟಬೇಕು! ಕ್ಷಣದ ಆವೇಶದಲ್ಲಿ ಬುದ್ಧಿಗೆಟ್ಟು ಹೀಗೆ ಮಾಡಿದನೆಂಬ ಈ ಕಥೆಯನ್ನು ಜನರೂ ನಂಬುತ್ತಾರೆ. ಕೆಲವೊಮ್ಮೆ ಠಾಣೆಯವರೂ ನಂಬುತ್ತಾರೆ. ಇದು ಸುಳ್ಳು. ಇಂಗ್ಲಂಡದ ಗ್ಲಾಸ್ಟರ್‌ಶೈರ್ ವಿಶ್ವವಿದ್ಯಾಲಯದ ಜೇನ್ ಮಾಂಕ್ಟನ್ ಸ್ಮಿತ್ ಎಂಬ ವಿದುಷಿಯು 372 ಕೊಲೆಗಳನ್ನು ಶೋಧಿಸಿ 2019ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಕೊಲೆಯು ಎಂಟು ಮೆಟ್ಟಿಲುಗಳನ್ನು ಏರಿ ಬರುತ್ತದೆಂದು ತೋರಿಸಿದ್ದಾಳೆ. ಹೆಣ್ಣಿನ ಮೇಲೆ ಅಧಿಕಾರ ನಡೆಸುವ ಸಂಬಂಧ, ಆ ಅಧಿಕಾರಕ್ಕೆ ಕುತ್ತು ತರುವ ಅಗಲಿಕೆ, ಆಮೇಲೆ ಬೆನ್ನು ಹತ್ತುವದು, ಬೆದರಿಕೆ, ಮನಸ್ಸಿನ ನಿಶ್ಚಯ, ಸಿದ್ಧತೆ, ಕಟ್ಟಕಡೆಗೆ ಕೊಲೆ. ಅಮೇರಿಕದಲ್ಲಿ 1999ರಲ್ಲಿ ಪ್ರಕಟವಾದ ಇನ್ನೊಂದು ಶೋಧದಲ್ಲಿ, ಗಂಡನಿಂದಲೋ ಸಂಗಾತಿಯಿಂದಲೋ ಹತರಾದ 141 ಸ್ತ್ರೀಯರ ಪೈಕಿ ನೂರಕ್ಕೆ 76 ಮಂದಿಯನ್ನು ಕೊಲೆಗೆ ಮುಂಚಿನ ವರ್ಷದಲ್ಲಿ ಕೊಲೆಗಾರನು ಬೆನ್ನು ಹತ್ತಿ ಪೀಡಿಸಿದ್ದನೆಂದು ಕಂಡುಬಂದಿತು. ಹತರಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆ ಪೀಡೆಯನ್ನು ಪೋಲೀಸರಿಗೆ ಮೊದಲೇ ತಿಳಿಸಿದ್ದರು. ಈ ಕೊನೆಯ ಮಾತನ್ನು ಅಧಿಕಾರಿಗಳಾದ ವಾಚಕರು ಇನ್ನೊಮ್ಮೆ ಓದಬೇಕೆಂದು ನಮ್ಮ ಬಿನ್ನಹ. ಕೊಲೆಯು ಡಂಗುರ ಹೊಡೆದುಕೊಂಡೇ ಬರುತ್ತದೆ. ಕೇಳುವ ಕಿವಿ ಮಾತ್ರ ಇಲ್ಲ.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುವದು. ಹೆಣ್ಣು ಸಂಬಂಧವನ್ನು ಕಡಿದುಕೊಂಡ ದಿವಸವೇ ಅವಳ ಅಪಾಯವು ಮುಗಿಯಿತೆಂದು ಮನೆಯವರು ಉಸಿರು ಬಿಡುತ್ತಾರೆ. ನಿಜವಾಗಿ ಅತಿ ದೊಡ್ಡ ಅಪಾಯವು ಆ ದಿವಸದಿಂದಲೇ ಆರಂಭವಾಗುತ್ತದೆ. ಪ್ರಣಯದ ಸಂಬಂಧಕ್ಕೆ ಹೇಗೋ ಮದುವೆಗೂ ಹಾಗೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆಯನ್ನುಂಡ ವಿವಾಹಿತೆಯರ ಪ್ರಮಾಣವು ಕರ್ನಾಟಕದಲ್ಲಿ ನೂರಕ್ಕೆ 44.4 ಎಂದು ದಾಖಲಾಗಿ, ನಮ್ಮ ಪ್ರಾಂತವು ದೇಶಕ್ಕೆಲ್ಲ ಮೊದಲನೆಯದೆನಿಸಿತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿಯು 20.6 ಇತ್ತು. ಹೊಡೆತವು ಹೆಚ್ಚಿತೋ, ಹೇಳುವ ಧೈರ್ಯವು ಹೆಚ್ಚಿತೋ; ಎರಡರಲ್ಲಿ ಯಾವದಾದರೂ ಅಭಿಮಾನಪಡತಕ್ಕ ಸ್ಥಾನವಲ್ಲ.

ಹುನ್ನೂರದಂಥ ಊರಿನಲ್ಲಿ ಇದು ಹೇಗೆ ನಡೆಯುವದೆಂಬುದು ವಾಚಕರಿಗೆ ತಿಳಿಯದ್ದಲ್ಲ. ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದವಳನ್ನು ನಾಲ್ಕು ಮಂದಿ ಹಿರಿಯರು ಕಟ್ಟೆಯ ಮೇಲೆ ಕುಳಿತು, "ಗಂಡ ಹೆಂಡಿರ ಜಗಳ ಉಂಡು ಮಲಗೋತನಕ" ಎಂಬ ಗಾದೆಯನ್ನು ಹೇಳಿ, ಅಳಿಯನಿಂದ ಒಂದು ಮಾತು ತೆಗೆದುಕೊಂಡು, ಮರಳಿ ಕಳಿಸುತ್ತಾರೆ. ಮಾತು ಕೊಟ್ಟವನು ಹೋಗುವಾಗ ಹಿರಿಯರ ಕಾಲು ಮುಟ್ಟುತ್ತಾನೆ; ಮನೆ ಸೇರಿದ ಮೇಲೆ, ತವರಿಗೆ ಹೋಗಿ ನನ್ನ ಮಾನ ಕಳೆದೆಯಾ ಎಂದು ಕೇಳುತ್ತಾನೆ. ಇನ್ನು ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯನ್ನು ಯಾವನಾದರೂ ದಿನಾಲು ನಿಲ್ದಾಣದಲ್ಲಿ ಕಾದು ನಿಂತು ಪೀಡಿಸಿದರೆ ಆಗುವದೇನು? ಹುಡುಗಿಯ ಕಾಲೇಜು ನಿಲ್ಲುತ್ತದೆ, ಅವಳ ಮೊಬೈಲು ಅಟ್ಟಕ್ಕೇರುತ್ತದೆ, ಆರು ತಿಂಗಳೊಳಗೆ ಮದುವೆಯೂ ಆಗುತ್ತದೆ. ನಿಲ್ದಾಣದಲ್ಲಿ ನಿಂತವನು ಅಲ್ಲಿಯೇ ನಿಂತಿರುತ್ತಾನೆ. 2023ರ ಜೂನ್ 11ರಿಂದ ಸರಕಾರವು ಸ್ತ್ರೀಯರಿಗೆ ಬಸ್ಸಿನ ಪ್ರಯಾಣವನ್ನು ಉಚಿತ ಮಾಡಿತು. ಆದರೆ ಬಸ್ಸು ಇಳಿದ ಮೇಲಿನ ನೂರು ಹೆಜ್ಜೆಯ ಹಾದಿಯನ್ನು ನಿರ್ಭಯ ಮಾಡುವ ಕೆಲಸವು ಇನ್ನೂ ಊರವರದೇ ಆಗಿದೆ. ಮನೆಯಲ್ಲಿ ಹೇಳಿದರೆ ಓದು ನಿಲ್ಲುವದೆಂದು ಎಷ್ಟು ಹುಡುಗಿಯರು ತುಟಿ ಕಚ್ಚಿಕೊಂಡು ಸುಮ್ಮನಿರುವರೋ ಯಾರು ಬಲ್ಲರು? ಫಿರ್ಯಾದು ಬರಲಿಲ್ಲವೆಂದು ಠಾಣೆಯವರು ಹೇಳುವಾಗ ಈ ಭಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಯದೆಯಿಲ್ಲವೆಂದು ಯಾರೂ ಹೇಳುವಂತಿಲ್ಲ. ಒಲ್ಲೆನೆಂದು ಸ್ಪಷ್ಟವಾಗಿ ತಿಳಿಸಿದ ಮೇಲೆಯೂ ಸ್ತ್ರೀಯ ಬೆನ್ನು ಹತ್ತುವದು 2013ರಿಂದ ಅಪರಾಧವಾಗಿದೆ; 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿದೆ. ಮೊದಲ ಸಲಕ್ಕೆ ಮೂರು ವರ್ಷಗಳವರೆಗೆ, ಮತ್ತೆ ಮಾಡಿದರೆ ಐದು ವರ್ಷಗಳವರೆಗೆ ಶಿಕ್ಷೆ. ಪೋಲೀಸರು ತಾವಾಗಿಯೇ ಕೈಗೊಳ್ಳಬಹುದಾದ ಅಪರಾಧದ ಸುದ್ದಿ ಬಂದರೆ ಅದನ್ನು ದಾಖಲಿಸಲೇಬೇಕೆಂದು ಸುಪ್ರೀಮ್ ಕೋರ್ಟು ಲಲಿತಾಕುಮಾರಿ ಪ್ರಕರಣದಲ್ಲಿ 2013ರಲ್ಲಿಯೇ ಹೇಳಿದೆ. ಹೆಂಡತಿಗೂ, ಹೆಂಡತಿಯಂತೆ ಜೊತೆಯಲ್ಲಿ ಬಾಳಿದವಳಿಗೂ 2005ರ ಕೌಟುಂಬಿಕ ಹಿಂಸೆಯ ಕಾಯದೆಯು ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆಜ್ಞೆಯನ್ನು ದೊರಕಿಸಿಕೊಡುತ್ತದೆ. ಗಂಡನಿಂದ ಅಗಲಿದವಳಿಗೂ ಅದು ಸಲ್ಲುತ್ತದೆ. ಆ ಆಜ್ಞೆಯನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆಮನೆಯುಂಟು. ಅರ್ಜಿ ಬರೆಯಿಸಲು ಕೋರ್ಟಿನ ಮೆಟ್ಟಿಲಲ್ಲಿ ವಕೀಲರನ್ನು ಹುಡುಕುತ್ತ ಕೂಡ್ರಬೇಕಾದದ್ದಿಲ್ಲ. ನಮ್ಮ ಪ್ರಾಂತದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯದೆಯ ರಕ್ಷಣಾಧಿಕಾರಿಗಳು. ಅಂಗನವಾಡಿಯ ಲೆಕ್ಕಪತ್ರಗಳ ಅಡಿಯಲ್ಲಿ ಅವರ ಈ ಅಧಿಕಾರವು ಹೂತುಹೋಗಿದ್ದರೆ ಅದನ್ನು ಹೊರಗೆ ತೆಗೆಯಿಸುವ ಹೊಣೆಯು ಮೇಲಿನವರದು.

ಆದರೆ ಒಂದು ತೊಡಕಿದೆ. ಬೆನ್ನು ಹತ್ತುವ ಅಪರಾಧವು ಮೊದಲ ಸಲಕ್ಕೆ ಜಾಮೀನು ಸಿಗುವಂಥದು. ಮುಂಜಾನೆ ಹಿಡಿಸಿಕೊಂಡವನು ಸಂಜೆಗೆ ಊರಲ್ಲಿರುತ್ತಾನೆ, ಮೊದಲಿಗಿಂತ ಹೆಚ್ಚು ಕೆರಳಿ. ಈ ಕಾರಣದಿಂದಲೇ ಕೆಲವು ಅನುಭವಿಗಳಾದ ಪೋಲೀಸರು, ಪ್ರಕರಣ ಹೂಡಿ ಹುಡುಗಿಗೆ ಕೇಡು ಮಾಡುವದಕ್ಕಿಂತ ಅವನನ್ನು ಕರೆಯಿಸಿ ಎರಡು ಏಟು ಹಾಕಿ ಚೀಟಿ ಬರೆಸಿಕೊಂಡು ಬಿಡುವದು ಲೇಸೆಂದು ವಾದಿಸುತ್ತಾರೆ. ಈ ವಾದದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳೆವು. ಆದರೆ ಠಾಣೆಯ ಚೀಟಿಗೆ ಬೆಲೆಯೇನು? ಅದನ್ನು ಮುರಿದರೆ ಕಳೆದುಕೊಳ್ಳುವದು ಏನೂ ಇಲ್ಲ. ಅದೇ ಮುಚ್ಚಳಿಕೆಯನ್ನು ನಾಗರಿಕ ಸುರಕ್ಷಾ ಸಂಹಿತೆಯ 126ನೆಯ ಕಲಮಿನಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಬರೆಯಿಸಿದರೆ ಒಂದು ವರ್ಷದವರೆಗೆ ಅವನು ಶಾಂತಿಗೆ ಹೊಣೆಯಾಗುತ್ತಾನೆ. ಮುರಿದರೆ ಹಣವು ಮುಟ್ಟುಗೋಲಾಗುತ್ತದೆ. ಆ ಅಧಿಕಾರವು ತಾಲೂಕಿನ ತಹಶೀಲ್ದಾರರಲ್ಲಿದೆ. ಗಣೇಶನ ಹಬ್ಬಕ್ಕೂ ಚುನಾವಣೆಗೂ ಮುಂಚೆ ಅದನ್ನು ರಾಶಿರಾಶಿಯಾಗಿ ಬಳಸುವದನ್ನು ನಾವು ಬಲ್ಲೆವು. ಒಬ್ಬ ಹುಡುಗಿಯ ಪ್ರಾಣಕ್ಕಾಗಿ ಬಳಸುವದು ಅಪರೂಪ.

ಪ್ರಕರಣವನ್ನು ದಾಖಲಿಸಬೇಕು, ಜೊತೆಗೆ ಆ ದಿವಸವೇ ತಹಶೀಲ್ದಾರರಿಗೆ ವರದಿ ಹೋಗಬೇಕು. ಮುಂದಿನ ವಾರ ಠಾಣೆಯವರು ತಾವಾಗಿಯೇ ಆ ಮನೆಗೆ ಹೋಗಿ, ಅವನು ಮತ್ತೆ ಬಂದನೇ, ಕರೆ ಮಾಡಿದನೇ ಎಂದು ಕೇಳಿ ಬರೆದುಕೊಳ್ಳಬೇಕು. ಎರಡನೆಯ ಸಲ ಮಾಡಿದ್ದು ಜಾಮೀನು ಸಿಗದ ಅಪರಾಧವಾಗಬೇಕಾದರೆ ಮೊದಲನೆಯದು ಕಾಗದದ ಮೇಲೆ ಇದ್ದು ಶಿಕ್ಷೆಯವರೆಗೂ ಮುಟ್ಟಿರಬೇಕಲ್ಲವೇ? "ಕೊಲ್ಲುತ್ತೇನೆ" ಎಂಬ ಮಾತು, ಕುತ್ತಿಗೆ ಒತ್ತಿದ ಗುರುತು, ಚೂರಿ ತೋರಿಸಿದ್ದು, ಈಚೆಗೆ ಅಗಲಿದ್ದು, ಇವುಗಳನ್ನು ಫಿರ್ಯಾದು ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲ್ಲನು ಬಿಡದೆ ಕೇಳತಕ್ಕದ್ದು. ಇದಕ್ಕೆ ಹೊಸ ಕಾಯದೆಯೂ ಬೇಡ, ಹೊಸ ಹಣವೂ ಬೇಡ.

ಜಮಖಂಡಿಯ ಉಪವಿಭಾಗಾಧಿಕಾರಿಗಳೂ ಪೋಲೀಸ್ ಉಪ ಅಧೀಕ್ಷಕರೂ ಕಳೆದ ಒಂದು ವರ್ಷದಲ್ಲಿ 78ನೆಯ ಕಲಮಿನ ಕೆಳಗೆ ಎಷ್ಟು ಫಿರ್ಯಾದು ದಾಖಲಾದವು, ಅವುಗಳಲ್ಲಿ ಎಷ್ಟರಲ್ಲಿ ತಹಶೀಲ್ದಾರರ ಮುಂದೆ ಮುಚ್ಚಳಿಕೆಯಾಯಿತು, ರಕ್ಷಣಾಧಿಕಾರಿಗಳ ಮೂಲಕ ಎಷ್ಟು ಅರ್ಜಿಗಳು ಕೋರ್ಟಿಗೆ ಹೋದವು ಎಂಬ ಮೂರು ಅಂಕಿಗಳನ್ನು ಪ್ರಕಟಿಸಬೇಕು. ಕಳಿಸಿಕೊಟ್ಟರೆ ನಮ್ಮ ಪತ್ರಿಕೆಯ ಇದೇ ಪುಟದಲ್ಲಿ ಅವುಗಳಿಗೆ ಸ್ಥಳವನ್ನು ಕಾದಿಡುತ್ತೇವೆ.