ಬಾರದ ವಸ್ತುವಿಗೆ ತೆತ್ತ ಬೆಲೆ

ವಸ್ತುವು ಅಂಗಡಿಗೆ ಬರುವುದಕ್ಕೆ ಮುನ್ನವೇ, ಎಷ್ಟೋ ವೇಳೆ ಅದು ತಯಾರಾಗುವುದಕ್ಕೂ ಮುನ್ನವೇ, ಅದರ ಪೂರ್ಣ ಬೆಲೆಯನ್ನು ತೆತ್ತು ತಿಂಗಳುಗಟ್ಟಲೆ ಕಾದಿರುವ ಪದ್ಧತಿಯೊಂದು ಪ್ರೀ ಬುಕಿಂಗ್ ಎಂಬ ಹೆಸರಿನಿಂದ ನಮ್ಮ ಮಹಾನಗರಗಳಲ್ಲಿ ಮಾತ್ರವೇ ಅಲ್ಲದೆ ತಾಲ್ಲೂಕು ಕೇಂದ್ರಗಳ ಮನೆಗಳಲ್ಲಿಯೂ ಈಗ ಬದ್ಧಮೂಲವಾಗಿದೆ. ಮುಂಗಡ ಕೊಡುವ ಆಚಾರವೇನೋ ನಮಗೆ ಹೊಸತಲ್ಲ. ಇಳಕಲ್ಲಿನ ನೇಕಾರನಿಗೆ ಸೆರಗಿನ ಬಣ್ಣವನ್ನು ಹೇಳಿ, ಊರ ಅಕ್ಕಸಾಲಿಗನಿಗೆ ಸರದ ಮಾದರಿಯನ್ನು ತೋರಿಸಿ, ಸಂಚಕಾರವಿತ್ತು ಬರುತ್ತಿದ್ದವರು ನಮ್ಮ ಹಿರಿಯರು. ಅಲ್ಲಿ ಹಣ ಹಿಡಿದವನು ಆ ವಸ್ತುವನ್ನು ತಾನೇ ನಿರ್ಮಿಸತಕ್ಕವನಾಗಿದ್ದನು. ಅವನ ಮನೆಯ ಬಾಗಿಲು ಕೊಟ್ಟವರಿಗೆ ಗೊತ್ತಿತ್ತು. ಬೆಲೆಯ ಬಹುಭಾಗವು ವಸ್ತು ಕೈಸೇರಿದ ಮೇಲೆಯೇ ಸಲ್ಲುತ್ತಿತ್ತು. ಬೇರೆಯವರ ಸರಕನ್ನು ಮಾರುವ ಇಂದಿನ ರೀಸೆಲ್ಲರನ ಬಳಿಯಾದರೋ ಇರುವುದು ಒಂದು ಫೋಟೊ ಹಾಗೂ ಒಂದು ಕ್ಯೂಆರ್ ಕೋಡ್. ಅವನಿಗೆ ಹಣ ಕಳುಹಿಸಿದ ಕ್ಷಣದಿಂದ, ಬಡ್ಡಿಯನ್ನೂ ಪತ್ರವನ್ನೂ ಜಾಮೀನನ್ನೂ ಕೇಳದೆ ಅಪರಿಚಿತನೊಬ್ಬನ ವ್ಯಾಪಾರಕ್ಕೆ ಬಂಡವಾಳ ಒದಗಿಸಿದ ಋಣದಾತರು ನಾವಾಗುತ್ತೇವೆ. ಯಾವ ಬ್ಯಾಂಕೂ ಕೊಡಲೊಪ್ಪದ ಸಾಲವನ್ನು ತಾವು ಕೊಡುತ್ತಿದ್ದೇವೆಂಬ ಅರಿವು ಎಷ್ಟು ಮಂದಿಗಿದೆಯೋ ನಾನರಿಯೆ.

2016ರ ಫೆಬ್ರವರಿ 17ರಂದು ದೆಹಲಿಯಲ್ಲಿ ನಡೆದ ಸಮಾರಂಭವೊಂದು ವಾಚಕರಿಗೆ ನೆನಪಿರಬಹುದು. ನೋಯ್ಡಾದ ರಿಂಗಿಂಗ್ ಬೆಲ್ಸ್ ಎಂಬ ಸಂಸ್ಥೆಯು ಫ್ರೀಡಂ 251 ಎಂಬ ಸ್ಮಾರ್ಟ್‌ಫೋನನ್ನು 251 ರೂಪಾಯಿಗೆ ಕೊಡುವುದಾಗಿ ಸಾರಿತು. ಮರುದಿನ ಬುಕಿಂಗ್ ತೆರೆದೊಡನೆ ಜನರ ನೂಕುನುಗ್ಗಲನ್ನು ತಾಳಲಾರದೆ ಅದರ ಜಾಲತಾಣವೇ ಸ್ತಬ್ಧವಾಯಿತು. ಸಾಗಣೆ ವೆಚ್ಚದ 40 ರೂಪಾಯಿಯೂ ಸೇರಿ 291 ರೂಪಾಯಿಯನ್ನು ಸುಮಾರು 30,000 ಮಂದಿ ಮುಂಗಡವಾಗಿ ತೆತ್ತರು. ಪತ್ರಕರ್ತರಿಗೆ ತೋರಿಸಿದ ಮಾದರಿ ಫೋನುಗಳ ಮೇಲೆ ಆಡ್‌ಕಾಮ್ ಎಂಬ ಬೇರೊಂದು ಕಂಪನಿಯ ಹೆಸರಿದ್ದು, ಅದನ್ನು ಬಿಳಿಯ ಬಣ್ಣ ಬಳಿದು ಮರೆಮಾಡಲಾಗಿತ್ತೆಂಬುದು ಬೇಗನೆ ಬಯಲಾಯಿತು. ಕೋಲಾಹಲವೆದ್ದ ಬಳಿಕ ಸಂಸ್ಥೆಯು ಹಣ ಮರಳಿಸುವುದಾಗಿಯೂ, ವಸ್ತು ತಲುಪಿದ ಮೇಲೆಯೇ ಬೆಲೆ ಪಡೆಯುವುದಾಗಿಯೂ ಹೇಳಿಕೊಂಡಿತು. ಇಲ್ಲಿ ಗಮನಾರ್ಹವಾದ ಸಂಗತಿ ಬೇರೊಂದುಂಟು. 2017ರ ಫೆಬ್ರವರಿಯಲ್ಲಿ ಆ ಸಂಸ್ಥೆಯ ಮುಖ್ಯಸ್ಥನ ಬಂಧನಕ್ಕೆ ಕಾರಣವಾದ ದೂರನ್ನು ಕೊಟ್ಟವನು ಗಾಜಿಯಾಬಾದಿನ ಒಬ್ಬ ವಿತರಕ. ಲಕ್ಷಾಂತರ ರೂಪಾಯಿ ಮುಂದಾಗಿ ಕೊಟ್ಟು, ಅದಕ್ಕೆ ತಕ್ಕ ಸರಕು ಬಾರದೆ ಕೆಟ್ಟವನು. ನಮಗೆ ಮಾರಬೇಕಾದ ಮಧ್ಯವರ್ತಿಯೇ ಮೇಲಿನವನಿಗೆ ಮುಂಗಡ ತೆತ್ತು ಕಾಯುತ್ತಿದ್ದನೆಂದ ಮೇಲೆ ಅವನ ಹಿಂದೆ ಸಾಲು ನಿಂತವನ ಗತಿಯೇನು? 291 ರೂಪಾಯಿಗಾಗಿ ಠಾಣೆಯ ಮೆಟ್ಟಿಲು ಹತ್ತುವವರು ವಿರಳ. ಹಾಗೆ ಹತ್ತದವರ ಔದಾಸೀನ್ಯವೇ ಇಂಥ ವ್ಯಾಪಾರಗಳ ನಿಜವಾದ ಬಂಡವಾಳವೆಂದು ನನಗೆ ತೋರುತ್ತದೆ.

ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ಇನ್‌ಸ್ಟಾಗ್ರಾಂನಲ್ಲಿಯೂ ನಡೆಯುವ ಸೀರೆಯ ಪ್ರೀ ಬುಕಿಂಗ್ ಈ ಸರಪಣಿಯನ್ನು ಇನ್ನಷ್ಟು ಉದ್ದವಾಗಿಸಿದೆ. ಸೂರತ್ತಿನ ಸಗಟು ವ್ಯಾಪಾರಿಯು ಕಳುಹಿಸಿದ ಒಂದೇ ಫೋಟೊ ಮೂರು ನಾಲ್ಕು ಕೈಗಳನ್ನು ದಾಟಿ, ಪ್ರತಿಯೊಂದು ಕೈಯಲ್ಲಿಯೂ ಅಷ್ಟಿಷ್ಟು ಮಾರ್ಜಿನ್ ಏರಿಸಿಕೊಂಡು, ಕಡೆಗೆ ನಮ್ಮ ಬಳಗದವರೇ ಆದ ಗೃಹಿಣಿಯೊಬ್ಬರ ಮೂಲಕ ನಮ್ಮ ಫೋನಿಗೆ ಬಂದು ಸೇರುತ್ತದೆ. ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಸಂಪಾದಿಸುವ ಆ ತಾಯಂದಿರಲ್ಲಿ ಬಹುಮಂದಿ ಪ್ರಾಮಾಣಿಕರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರೂ ಆ ಸೀರೆಯನ್ನು ಕಣ್ಣಾರೆ ಕಂಡವರಲ್ಲವಾದ್ದರಿಂದ, ರೇಷ್ಮೆಯೆಂದು ಹೇಳಿದ್ದು ಪಾಲಿಯೆಸ್ಟರಾಗಿ ಬಂದಾಗ ಅವರ ಪ್ರಾಮಾಣಿಕತೆಯು ನಮ್ಮ ನಷ್ಟವನ್ನು ತುಂಬಿಕೊಡಲಾರದು. ಮೇಲಾಗಿ ಕ್ಯಾಷ್ ಆನ್ ಡೆಲಿವರಿ ಇಲ್ಲ, ರಿಟರ್ನ್ ಇಲ್ಲ, ಪಾರ್ಸೆಲ್ ಬಿಚ್ಚುವ ವಿಡಿಯೋ ಇಲ್ಲದಿದ್ದರೆ ದೂರು ಕೇಳುವುದಿಲ್ಲ ಎಂಬ ನಿಬಂಧನೆಗಳನ್ನು ಶಾಸನದ ಧಾಟಿಯಲ್ಲಿಯೇ ಬರೆದು ಹಾಕಿರುತ್ತಾರೆ. ದುರ್ಲಭವಾದ ವಸ್ತುವಿನ ಕಥೆ ತುಸು ಬೇರೆ. 2021ರ ಜನವರಿ 12ರಂದು ಪ್ಲೇಸ್ಟೇಷನ್ 5 ಎಂಬ ವಿಡಿಯೋ ಗೇಮ್ ಯಂತ್ರದ ಬುಕಿಂಗ್ ಭಾರತದಲ್ಲಿ ತೆರೆದಾಗ ಅದು ನಿಮಿಷಗಳಲ್ಲಿ ಮುಗಿದುಹೋಗಿ, 49,990 ರೂಪಾಯಿಯ ಯಂತ್ರಕ್ಕೆ ರೀಸೆಲ್ಲರುಗಳು ಮನಬಂದ ಬೆಲೆ ಕೇಳಿದರು. ಪೊಟ್ಟಣದ ಮೇಲಿನ ಎಂಆರ್‌ಪಿಯನ್ನು ಮೀರಿ ವ್ಯಾಪಾರಿಯು ಮಾರುವುದು ಕಾನೂನಿಗೆ ವಿರುದ್ಧವೆಂಬುದನ್ನು ಆತುರದಲ್ಲಿ ಯಾರೂ ನೆನೆಯಲಿಲ್ಲ.

ಸೀರೆ ಮಾರುವವರ ಆ ನಿಬಂಧನೆಗಳಾದರೂ ಊರ್ಜಿತವೇ ಎಂದು ವಿಚಾರಿಸಿದರೆ, ಅಲ್ಲವೆಂದೇ ಹೇಳಬೇಕಾಗುತ್ತದೆ. ದೋಷಯುಕ್ತವಾದ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸಿದೆ. 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರುವವನು ತಾನು ತಿಳಿಸಿದ ದಿನ ಮೀರಿ ಸರಕು ತಲುಪಿಸಿದರೂ, ಅನಿವಾರ್ಯವಾದ ಅವಘಡದ ಹೊರತು, ಅದನ್ನು ಮರಳಿ ಪಡೆಯಲು ನಿರಾಕರಿಸಕೂಡದೆಂದು ವಿಧಿಸಿವೆ. ಗ್ರಾಹಕನು ತನ್ನ ವಾಸಸ್ಥಳದ ಜಿಲ್ಲಾ ಆಯೋಗದಲ್ಲಿಯೇ ಎರಡು ವರ್ಷದೊಳಗಾಗಿ ದೂರು ಕೊಡಬಹುದು; ತೆತ್ತ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಇಷ್ಟೆಲ್ಲ ಇದ್ದರೂ ದೂರಿನಲ್ಲಿ ಎದುರುಪಕ್ಷದವರ ಹೆಸರು ವಿಳಾಸಗಳನ್ನು ಬರೆಯಬೇಕಷ್ಟೆ? ನಮ್ಮ ಋಣಿಯ ವಿಷಯದಲ್ಲಿ ನಮಗೆ ತಿಳಿದಿರುವುದು ಒಂದು ಮೊಬೈಲ್ ಸಂಖ್ಯೆ ಮಾತ್ರ. ಒಂದು ದಿನ ಅದೂ ಸ್ವಿಚ್ ಆಫ್ ಆಗಿರುತ್ತದೆ.

ಕಾಲವೂ ಇಲ್ಲಿ ಮಾರುವವನ ಪಕ್ಷಪಾತಿ. ನಾಳೆ ಬರಬೇಕಾದ ವಸ್ತು ಬಾರದಿದ್ದರೆ ನಾಳಿದ್ದು ನಾವು ಜಗಳಕ್ಕೆ ನಿಲ್ಲುತ್ತೇವೆ. ಮೂರು ತಿಂಗಳ ಮೇಲೆ ಬರುವುದೆಂದು ಒಪ್ಪಿಕೊಂಡ ವಸ್ತುವಿಗಾದರೋ ಮೊದಲು ಆ ಮೂರು ತಿಂಗಳೂ, ಬಳಿಕ ಸ್ಟಾಕ್ ಬಂದಿಲ್ಲ, ಕೊರಿಯರ್ ತಡವಾಗಿದೆ ಎಂಬ ಸಬೂಬುಗಳನ್ನು ನಂಬಿ ಇನ್ನೊಂದು ತಿಂಗಳೂ ಸುಮ್ಮನಿರುತ್ತೇವೆ. ಅಷ್ಟರಲ್ಲಿ ಕ್ರೆಡಿಟ್ ಕಾರ್ಡಿನ ಮೂಲಕ ತೆತ್ತ ಹಣವನ್ನು ಬ್ಯಾಂಕಿನಲ್ಲಿ ಪ್ರಶ್ನಿಸಲು ಇರುವ ಕಾಲಮಿತಿಯೂ ಮುಗಿದುಹೋಗಬಹುದು. ಯುಪಿಐ ಮೂಲಕ ವ್ಯಕ್ತಿಯೊಬ್ಬನ ಖಾತೆಗೆ ನಾವೇ ಪಿನ್ ಒತ್ತಿ ಕಳುಹಿಸಿದ ಹಣವನ್ನು ಹಿಂದಕ್ಕೆ ತರುವುದು ಮತ್ತೂ ಕಷ್ಟ. ವಂಚನೆಯೆಂದು ಕಂಡೊಡನೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿದರೆ ಹಣ ಮುಂದಕ್ಕೆ ಹರಿಯದಂತೆ ಖಾತೆಯನ್ನು ತಡೆಹಿಡಿಸುವ ವ್ಯವಸ್ಥೆಯೇನೋ ಇದೆ; ಆದರೆ ಅದು ಫಲಿಸುವುದು ಮೊದಲ ಗಂಟೆಗಳಲ್ಲಿ.

ಕಟ್ಟದ ಮನೆಗೆ ಮುಂಗಡ ತೆತ್ತು ಕೆಟ್ಟವರ ಸಂಕಟವನ್ನು ಕಂಡು, 2016ರ ರೇರಾ ಕಾಯಿದೆಯು ಕೊಳ್ಳುವವರಿಂದ ಬಂದ ಹಣದಲ್ಲಿ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆಂದೂ, ಲಿಖಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯಕೂಡದೆಂದೂ ವಿಧಿಸಿತು. ಬಾರದ ಸೀರೆಗೂ ಬಾರದ ಫೋನಿಗೂ ಇದೇ ತತ್ತ್ವ ಅನ್ವಯಿಸಬಾರದೇಕೆ? ವಸ್ತು ತಲುಪುವವರೆಗೆ ಬುಕಿಂಗ್ ಹಣವು ಮಾರುವವನ ಕೈಸೇರದೆ ಮೂರನೆಯವರ ವಶದಲ್ಲಿರಬೇಕೆಂಬ ನಿಯಮವನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ತರಬೇಕು. ಅಲ್ಲಿಯವರೆಗೆ, ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲನ್ನೂ ತಲುಪಿಸುವ ದಿನಾಂಕವನ್ನೂ ಬರಹದಲ್ಲಿ ಕೊಡಲೊಪ್ಪದ ರೀಸೆಲ್ಲರನಿಗೆ ವಾಚಕರು ಮುಂಗಡ ಕೊಡದಿರಲಿ. ಈಗಾಗಲೇ ಕೊಟ್ಟು ಕಾಯುತ್ತಿರುವವರು, ಮೊತ್ತ ಸಣ್ಣದೆಂದು ಸಂಕೋಚಪಡದೆ, ಇಂದೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಲಿ.